ಎಣ್ಣೆ ಕ್ಯಾನ್ ತೂಗಿ ಶುರು ಮಾಡಿದ ಲೆಕ್ಕ

ತೂಕ ಇಳಿಸಬೇಕು ಅಂದುಕೊಂಡವರು ಮೊದಲ ದಿನವೇ ರಾತ್ರಿ ಅನ್ನ ಬಿಡುತ್ತಾರೆ. ಅದಕ್ಕೂ ಮುಂಚೆ ಎಷ್ಟು ತಿನ್ನುತ್ತಿದ್ದೆವು ಅನ್ನುವುದು ಗೊತ್ತಿರದಿದ್ದರೆ ಎಷ್ಟು ಬಿಟ್ಟೆವು ಅನ್ನುವುದೂ ಗೊತ್ತಾಗುವುದಿಲ್ಲ. ಹಾಗಾಗಿ ನಾನು ಮೊದಲು 14 ದಿನ ಏನನ್ನೂ ಬಿಡಲಿಲ್ಲ. ದಾವಣಗೆರೆಯ ಮನೆಯಲ್ಲಿ ನಡೆಯುವ ಊಟ, ಸಂಜೆಯ ಮಂಡಕ್ಕಿ, ಭಾನುವಾರದ ಬೆಣ್ಣೆ ದೋಸೆ, ಎಲ್ಲವನ್ನೂ ಇದ್ದ ಹಾಗೇ ಬರೆದಿಟ್ಟೆ. ಕಡಿತ ಶುರುವಾದದ್ದು ಆಮೇಲೆ.

ಬೇಕಾದ ಸಾಮಾನು ಮೂರೇ: 5 ಕಿಲೋವರೆಗೆ ತೂಗುವ, 1 ಗ್ರಾಂ ವ್ಯತ್ಯಾಸ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಜೇಬಿನಲ್ಲಿ ಹಿಡಿಯುವ ಸಣ್ಣ ಪುಸ್ತಕ, ಪಾತ್ರೆಯ ತಳಕ್ಕೆ ಬರೆಯಲು ಮಾರ್ಕರ್ ಪೆನ್ನು. ಪುಸ್ತಕದಲ್ಲಿ ಐದು ಕಾಲಂ. ಹೊತ್ತು, ಜಾಗ, ಏನು, ಎಷ್ಟು, ಯಾಕೆ. ಕ್ಯಾಲೊರಿಗೆ ಕಾಲಂ ಇಲ್ಲ, ಬೇಕಂತಲೇ ಇಟ್ಟಿಲ್ಲ. ಮಧ್ಯಾಹ್ನವೇ 1,400 ಆಗಿದೆ ಅಂತ ಕಂಡರೆ ರಾತ್ರಿ ಕೈ ತಾನೇ ಹಿಂದೆ ಸರಿಯುತ್ತದೆ. ಆಗ ಪುಸ್ತಕದಲ್ಲಿ ಉಳಿಯುವುದು ನಮ್ಮ ಊಟವಲ್ಲ, ಪುಸ್ತಕಕ್ಕೆ ಹೆದರಿದ ಊಟ. ಗುಣಾಕಾರವೆಲ್ಲ 15ನೇ ದಿನಕ್ಕೆ. ಬರೆಯುವುದರಿಂದಲೇ ಮೊದಲ ಎರಡು ಮೂರು ದಿನ ಹೇಗೂ ಸ್ವಲ್ಪ ಬಿಗಿ ಬರುತ್ತದೆ. ಅದಕ್ಕೇ ಒಂದು ವಾರ ಸಾಲದು.

‘ಯಾಕೆ’ ಕಾಲಂಗೆ ಒಂದಕ್ಷರದ ಗುರುತು ಸಾಕು. ಹ ಅಂದರೆ ಹಸಿವು. ಹೊ ಅಂದರೆ ಹೊತ್ತಾಯಿತು ಅಂತ ತಿಂದದ್ದು. ಕೊ, ಯಾರೋ ಕೊಟ್ಟದ್ದು. ಬೇ, ಬೇಸರ. ಉ, ಉಳಿದದ್ದನ್ನು ಚೆಲ್ಲಲಾಗದೆ ತಿಂದದ್ದು. ಒಂದು ದಿನದ ನಾಲ್ಕು ಸಾಲು ಹೀಗಿರುತ್ತವೆ:

6.40, ಮನೆ, ಚಾ, ಒಂದು ಲೋಟ 110 ಗ್ರಾಂ, ಹೊ.
11.15, ಆಫೀಸಿನ ಎದುರು, ಬೈ-ಟು ಚಾ, ಬಿಸ್ಕತ್ತು 4, ಕೊ.
5.50, ಗಾಡಿ ಹತ್ತಿರ, ಖಾರ ಮಂಡಕ್ಕಿ ಅರ್ಧ ಪ್ಲೇಟು, ಮಿರ್ಚಿ 2, ಹ.
9.35, ಅಡುಗೆಮನೆ, ನಿಂತುಕೊಂಡು, ಉಳಿದ ಅನ್ನ ಸಾರು 70 ಗ್ರಾಂ, ಉ.

ತಿಂದ ತಕ್ಷಣ ಬರೆಯಬೇಕು. ರಾತ್ರಿ ಕೂತು ನೆನಪು ಮಾಡಿಕೊಂಡು ಬರೆದರೆ ಕೊನೆಯ ಸಾಲು ಬರುವುದೇ ಇಲ್ಲ. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಅನ್ನುವವರು ತಮ್ಮ ಊಟವನ್ನು ನಿಜಕ್ಕಿಂತ ಸರಾಸರಿ 47 ಶೇಕಡಾ ಕಡಿಮೆ ಹೇಳಿದ್ದರು. ಸುಳ್ಳೇ ಹೇಳಿರಬೇಕು ಅಂತೇನಿಲ್ಲ. ಕೂತು ಉಂಡದ್ದು ನೆನಪಿರುತ್ತದೆ, ನಿಂತು ತಿಂದದ್ದು ಜಾರಿಹೋಗುತ್ತದೆ.

ಈಗ ತೂಕದ ವಿಷಯ. ಅತಿ ಹೆಚ್ಚು ತಪ್ಪುವುದು ಎಣ್ಣೆಯಲ್ಲಿ. ಪಲ್ಯದಲ್ಲಿ ನನ್ನ ಪಾಲಿಗೆ ಎಷ್ಟು ಎಣ್ಣೆ ಬಂತು ಅಂತ ತಟ್ಟೆ ನೋಡಿ ಹೇಳಲಾಗದು, ಅಡುಗೆ ಮಾಡುವವರನ್ನು ಕೇಳಿದರೆ “ಒಂದೆರಡು ಚಮಚ ಹಾಕೀನಿ” ಅಂತ ಬರುತ್ತದೆ. ಅದಕ್ಕೆ ತೂಗಬೇಕಾದದ್ದು ಪಲ್ಯವನ್ನಲ್ಲ, ಕ್ಯಾನನ್ನು. ಸೋಮವಾರ ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಕ್ಯಾನ್ 2,460 ಗ್ರಾಂ. ಮುಂದಿನ ಸೋಮವಾರ 1,540. ಖರ್ಚಾದದ್ದು 920. ಕರಿದು ಉಳಿದು ಬಾಂಡ್ಲಿಯಿಂದ ಡಬ್ಬಿಗೆ ಹೋದದ್ದು 110, ಅದನ್ನು ಕಳೆದರೆ 810. ಏಳು ದಿನ, ನಾಲ್ಕು ಜನ: ತಲೆಗೆ ದಿನಕ್ಕೆ 29 ಗ್ರಾಂ. ಗ್ರಾಂಗೆ 9 ಕ್ಯಾಲೊರಿಯಂತೆ 260. ಹೊರಗಿನ ಮಿರ್ಚಿ, ದೋಸೆ ಇದರಲ್ಲಿ ಸೇರಿಲ್ಲ. ಶೇಂಗಾ ಹಿಂಡಿ ಮೇಲೆ ಊಟಕ್ಕೆ ಕೂತಾಗ ಹಾಕಿಕೊಳ್ಳುವ ಎಣ್ಣೆ ಮಾತ್ರ ಬೇರೆ ಸಣ್ಣ ಬಾಟಲಿಯಲ್ಲಿರಲಿ. ಅದು ನಾಲ್ಕು ಜನಕ್ಕೆ ಹಂಚುವ ಎಣ್ಣೆಯಲ್ಲ, ಹಾಕಿಕೊಂಡವರದ್ದು. ಒಂದೇ ಕ್ಯಾನಿನಿಂದ ತೆಗೆದರೆ ನಿಮ್ಮದು ಮನೆಯವರ ತಲೆಗೆ ಹೋಗುತ್ತದೆ.

ಸಕ್ಕರೆ ಡಬ್ಬಿಗೂ ಇದೇ ಉಪಾಯ. ಚಾ ಮಾತ್ರ ಕುಡಿಯುವ ಮನೆಯಾದರೆ ಡಬ್ಬಿಯ ವಾರದ ವ್ಯತ್ಯಾಸವನ್ನು ಒಟ್ಟು ಲೋಟಗಳಿಂದ ಭಾಗಿಸಿದರೆ ಲೋಟಕ್ಕೆಷ್ಟು ಅಂತ ಬಂತು. ನಮ್ಮಲ್ಲಿ 8 ಗ್ರಾಂ, ಅಂದರೆ 32 ಕ್ಯಾಲೊರಿ. ಜತೆಗೆ 60 ಮಿಲೀ ಟೋನ್ಡ್ ಹಾಲು ಸುಮಾರು 35.

ಅನ್ನದಲ್ಲಿ ಆಗುವ ತಪ್ಪು ಬೇರೆ ಜಾತಿಯದು. ಬೆಂದ ಅನ್ನ ತೂಗಿ ಅಕ್ಕಿಯ ಕ್ಯಾಲೊರಿಯಿಂದ ಗುಣಿಸಿದರೆ ಲೆಕ್ಕ ಹೆಚ್ಚೂಕಡಿಮೆ ಮೂರು ಪಟ್ಟಾಗುತ್ತದೆ. ಕುಕ್ಕರ್ ಪಾತ್ರೆಯ ಖಾಲಿ ತೂಕವನ್ನು ತಳದ ಹೊರಗೆ ಮಾರ್ಕರಿನಲ್ಲಿ ಬರೆದಿಟ್ಟುಕೊಳ್ಳಿ. ಅಕ್ಕಿ 300 ಗ್ರಾಂ ಹಾಕಿದ್ದು, ಬೆಂದ ಮೇಲೆ ಪಾತ್ರೆ ಕಳೆದು 840. ನನ್ನ ತಟ್ಟೆಗೆ ಬಂದದ್ದು 220 ಅಂದರೆ ಅಕ್ಕಿ 79 ಗ್ರಾಂ, 280 ಕ್ಯಾಲೊರಿ. ಇದನ್ನು ದಿನಾ ಮಾಡಬೇಕಿಲ್ಲ. ಅದೇ ಅಕ್ಕಿ, ಅದೇ ನೀರು ಇದ್ದರೆ ಮೂರು ಸಲ ತೂಗಿ ಒಂದು ಸರಾಸರಿ ಹಿಡಿದರೆ ಆಯಿತು. ರೊಟ್ಟಿಯನ್ನು ತೂಗುವುದಂತೂ ದಂಡ, ಹಂಚಿನ ಮೇಲಿಂದ ತೆಗೆದ ಮೇಲೂ ಅದು ಒಣಗುತ್ತಲೇ ಇರುತ್ತದೆ. ಹಿಟ್ಟು ತೂಗಿ, ರೊಟ್ಟಿ ಎಣಿಸಿ. 500 ಗ್ರಾಂ ಜೋಳದ ಹಿಟ್ಟಿಗೆ 9 ರೊಟ್ಟಿ ಬಡಿದರೆ ಒಂದಕ್ಕೆ 55 ಗ್ರಾಂ ಹಿಟ್ಟು, 185 ಕ್ಯಾಲೊರಿ. ಬಡಿಯುವ ಕೈ ಬದಲಾದರೆ ರೊಟ್ಟಿಯ ಲೆಕ್ಕವೂ ಬದಲಾಗುತ್ತದೆ. “ಇನ್ನೊಂದರ್ಧ ಹಾಕ್ಲಾ?” ಅಂತ ಬಿದ್ದ ಅರ್ಧವನ್ನೂ ಬರೆಯಿರಿ.

ಹೊರಗಿನ ತಿಂಡಿಗೆ ತಕ್ಕಡಿ ಒಯ್ಯುವುದು ಆಗದ ಮಾತು. ಒಂದು ಸಲ ಪಾರ್ಸೆಲ್ ತಂದು ಬಿಡಿಬಿಡಿಯಾಗಿ ತೂಗಿ, ಆ ಸಂಖ್ಯೆಯನ್ನೇ ಖಾಯಂ ಮಾಡಿಕೊಳ್ಳುವುದು ಸುಲಭ. ಮಂಡಕ್ಕಿ ಕಣ್ಣಿಗೆ ಮೋಸ ಮಾಡುವುದು ತಿರುಗುಮುರುಗಾಗಿ: ಪ್ಲೇಟು ತುಂಬಿ ಚೆಲ್ಲಿದರೂ 40 ಗ್ರಾಂ ದಾಟುವುದು ಕಷ್ಟ, ಹೆಚ್ಚೆಂದರೆ 150 ಕ್ಯಾಲೊರಿ. ಭಾರವೆಲ್ಲ ಅದಕ್ಕೆ ಬೆರೆಸಿದ ಎಣ್ಣೆ, ಶೇಂಗಾ, ಪಕ್ಕದ ಮಿರ್ಚಿಯದು. ಶೇಂಗಾ 100 ಗ್ರಾಂಗೆ 520. ಬೆಣ್ಣೆ ದೋಸೆಯ ಮೇಲಿನ ಬೆಣ್ಣೆಯುಂಡೆಯನ್ನು ಕರಗುವ ಮುಂಚೆ ಚಮಚದಲ್ಲಿ ಎತ್ತಿ ತೂಗಬಹುದು, 20 ಗ್ರಾಂ ಇದ್ದರೆ 145 ಕ್ಯಾಲೊರಿ. ಹಂಚಿನ ಮೇಲೆ ಸವರಿದ ಬೆಣ್ಣೆ ಯಾವ ತಕ್ಕಡಿಗೂ ಸಿಗುವುದಿಲ್ಲ. ಅದಕ್ಕೆ ಒಂದು ಅಂದಾಜು ಇಟ್ಟುಕೊಂಡು ಕೊನೆತನಕ ಅದನ್ನೇ ಬಳಸಬೇಕು, ಇವತ್ತೊಂದು ನಾಳೆಯೊಂದು ಕೂಡದು.

ಕ್ಯಾಲೊರಿ ಸಂಖ್ಯೆಗಳಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಭಾರತೀಯ ಆಹಾರ ಕೋಷ್ಟಕ ಒಳ್ಳೆಯದು. ಎಚ್ಚರವಿರಲಿ, ಅದರಲ್ಲಿ ಶಕ್ತಿ ಇರುವುದು ಕಿಲೋಜೂಲಿನಲ್ಲಿ. 4.184ರಿಂದ ಭಾಗಿಸಬೇಕು. ಅಕ್ಕಿಯ 1,491 ಹಾಗೆ 356 ಆಗುತ್ತದೆ. ಮೊಬೈಲ್ ಆ್ಯಪ್‌ಗಳಲ್ಲಿ ‘ಒಂದು ಬಟ್ಟಲು ಸಾಂಬಾರ್’ ಅಂತ ಇರುವುದು ಯಾರ ಮನೆಯ ಬಟ್ಟಲೋ.

ಬರೆಯುವ 14 ದಿನವೂ ಬೆಳಿಗ್ಗೆ, ಸಂಡಾಸಿಗೆ ಹೋಗಿ ಬಂದು, ಚಾ ಕುಡಿಯುವ ಮುಂಚೆ, ಅದೇ ಯಂತ್ರ ಅದೇ ನೆಲದ ಮೇಲೆ ಇಟ್ಟು ದೇಹದ ತೂಕ ನೋಡಬೇಕು. ದಿನದ ಸಂಖ್ಯೆಗೆ ಬೆಲೆ ಇಲ್ಲ. ಉಪ್ಪು ಜಾಸ್ತಿಯಾದ ಮಾರನೇ ದಿನ ನೀರು ನಿಂತು ಒಂದು ಕಿಲೋ ಏರಿದರೂ ಅದು ಕೊಬ್ಬಲ್ಲ. ಮೊದಲ ಏಳು ದಿನದ ಸರಾಸರಿ, ಎರಡನೇ ಏಳು ದಿನದ ಸರಾಸರಿ, ಇವೆರಡರ ಅಂತರ ಮಾತ್ರ ನೋಡುವುದು. 300 ಗ್ರಾಂ ಒಳಗಿದ್ದರೆ ತೂಕ ನಿಂತಿದೆ ಅಂತಲೇ ನಾನು ಹಿಡಿಯುತ್ತೇನೆ. ಹೆಂಗಸರಿಗೆ ಮುಟ್ಟಿನ ಹಿಂದುಮುಂದಿನ ನೀರಿನಿಂದ ಇದು ಕೆಡುತ್ತದೆ, ಅವರು ನಾಲ್ಕು ವಾರ ಬರೆಯುವುದು ವಾಸಿ.

ಇಷ್ಟೆಲ್ಲ ಮಾಡಿದರೂ ಲೆಕ್ಕದಲ್ಲಿ ತಪ್ಪು ಉಳಿದೇ ಇರುತ್ತದೆ. ಪುಸ್ತಕದ ಸರಾಸರಿ 1,900 ಬಂದು ತೂಕ ನಿಂತಲ್ಲೇ ನಿಂತಿದ್ದರೆ, ನಿಜ 2,200 ಇರಬಹುದು. ಇರಲಿ ಬಿಡಿ. ಅದೇ ಸೌಟು, ಅದೇ ಅಂದಾಜು ಇಟ್ಟುಕೊಂಡು ಪುಸ್ತಕದಲ್ಲಿ 1,600ಕ್ಕೆ ಇಳಿಸಿದರೆ ಕಡಿತ ಸುಮಾರು 300 ಆಗೇ ಆಗುತ್ತದೆ. ಎಲ್ಲಿಂದಲೋ 1,500 ಅನ್ನುವ ಸಂಖ್ಯೆ ತಂದು ಶುರು ಮಾಡುವವರಿಗೆ ಸಿಗದೇ ಇರುವುದು ಇದೇ ಅನುಕೂಲ.

ಯಾವ ಹದಿನೈದು ದಿನ ಆರಿಸಬೇಕು ಅನ್ನುವುದೂ ಮುಖ್ಯ. ಶ್ರಾವಣ ಬೇಡ, ದುಗ್ಗಮ್ಮನ ಜಾತ್ರೆಯ ವಾರ ಬೇಡ. ಸೋಮವಾರದ ಒಪ್ಪೊತ್ತು ನಿಮ್ಮ ರೂಢಿಯಾಗಿದ್ದರೆ ಅದು ಇರಲಿ, ಅದೂ ನಿಮ್ಮ ಊಟವೇ. ನಡುವೆ ಒಂದು ಮದುವೆ ಬಂದರೆ ಹೋಳಿಗೆಯನ್ನೂ ತುಪ್ಪವನ್ನೂ ಬರೆದು, ಕೊನೆಗೆ ಒಂದು ದಿನ ಹೆಚ್ಚಿಗೆ ಬರೆಯಿರಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬರೆಯುವುದಕ್ಕೆ ಅಡ್ಡಿಯಿಲ್ಲ, ಆದರೆ ಕಡಿತಕ್ಕೆ ಇಳಿಯುವ ಮುಂಚೆ ಪುಸ್ತಕವನ್ನು ಡಾಕ್ಟರಿಗೆ ತೋರಿಸಬೇಕು. ಔಷಧಿ ಅಷ್ಟೇ ಇದ್ದು ಊಟ ಇಳಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಬೀಳಬಹುದು. ಬಸುರಿಯರು ಕಡಿತದ ಗೊಡವೆಗೇ ಹೋಗಬಾರದು.

15ನೇ ದಿನ ಪುಸ್ತಕ ಬಿಚ್ಚಿ ಗುಣಾಕಾರ ಮುಗಿಸಿದ ಮೇಲೆ ‘ಹ’ ಗುರುತಿನ ಸಾಲುಗಳನ್ನು ಮುಟ್ಟದೆ ಉಳಿದವನ್ನು ಬೇರೆ ಹಾಳೆಗೆ ಇಳಿಸಿಕೊಂಡೆ. ‘ಉ’ ದಿನಕ್ಕೆ ಸರಾಸರಿ 90 ಕ್ಯಾಲೊರಿ. ‘ಕೊ’ದಲ್ಲಿನ ನಾಲ್ಕು ಬಿಸ್ಕತ್ತು 100. ನಾಲ್ಕು ಚಾದ ಸಕ್ಕರೆ ಅರ್ಧ ಮಾಡಿದರೆ 64. ಹಿಂಡಿ ಮೇಲಿನ ಎಣ್ಣೆ ಎರಡು ಚಮಚ ಇದ್ದದ್ದು ಒಂದಾದರೆ 40. ಕೂಡಿದರೆ 294. ರೊಟ್ಟಿ ಎರಡಿದ್ದದ್ದು ಎರಡೇ ಉಳಿಯಿತು.