ಸೋಣದಲ್ಲಿ ಪದವು ಹತ್ತುವವರಿಗೆ

ಕಾಸರಗೋಡಿಗೆ ಬಂದವರು ಬೇಕಲ ಕೋಟೆ ನೋಡುತ್ತಾರೆ, ಸಮುದ್ರದ ಎದುರು ನಿಂತು ಫೋಟೋ ತೆಗೆಯುತ್ತಾರೆ, ಸಂಜೆ ರೈಲಿಗೆ ವಾಪಸ್. ಕೋಟೆ ಚಂದವೇ. ಆದರೆ ಮಳೆಗಾಲದಲ್ಲಿ ಬರುವುದಾದರೆ ನಮ್ಮ ಪದವುಗಳನ್ನು ನೋಡದೆ ಹೋಗಬೇಡಿ. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ, ಗುಡ್ಡದ ತಲೆಯ ಮೇಲೆ ಮರವಿಲ್ಲದೆ ಅಗಲಕ್ಕೆ ಹರಡಿಕೊಂಡ ಬಯಲು ಉಂಟಲ್ಲ, ಅದೇ ಪದವು. ಮಲಯಾಳದಲ್ಲಿ ಪಾರ ಅನ್ನುತ್ತಾರೆ. ಏಪ್ರಿಲಿನಲ್ಲಿ ನೋಡಿದರೆ ಸುಟ್ಟ ಹಂಚಿನ ಹಾಗೆ ಇರುತ್ತದೆ, ಅದಕ್ಕೇ ಎಷ್ಟೋ ಜನ ಬಂಜರು ಜಾಗ ಅಂದುಬಿಡುತ್ತಾರೆ. ಆಗಸ್ಟಿನಲ್ಲಿ ಬಂದು ನೋಡಿ, ಆಮೇಲೆ ಹೇಳಿ.

ಯಾವಾಗ ಬರಬೇಕು ಅನ್ನುವುದೇ ಮೊದಲ ಪ್ರಶ್ನೆ. ಇಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್, ಜುಲೈ, ಆಗಸ್ಟಿನಲ್ಲೇ ಸುರಿಯುತ್ತದೆ. ತುಳು ತಿಂಗಳು ಆಟಿಯಲ್ಲಿ ಬಂದರೆ ಮಳೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಆಟಿ ಮುಗಿದು ಸೋಣ ಹಿಡಿದ ಮೇಲೆ, ಅಂದರೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ, ಒಂದು ಗಳಿಗೆ ಮಳೆ ಒಂದು ಗಳಿಗೆ ಬಿಸಿಲು ಇರುವ ದಿನಗಳು ಬರುತ್ತವೆ. ಹೂವು ತುಂಬಿ ನಿಲ್ಲುವುದು ಆಗಲೇ. ಹಿಂದಿನ ದಿನ ಹವಾಮಾನ ಇಲಾಖೆಯ ಸೂಚನೆ ನೋಡಿಕೊಳ್ಳಿ, ಜಿಲ್ಲೆಗೆ ಆರೆಂಜ್ ಅಥವಾ ರೆಡ್ ಅಲರ್ಟ್ ಇದ್ದರೆ ಸುಮ್ನೆ ಮನೆಯಲ್ಲಿರಿ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಪೊಸಡಿಗುಂಪೆ. ಕುಂಬಳೆ ಮತ್ತು ಉಪ್ಪಳದ ನಡುವೆ ಹೆದ್ದಾರಿಯಲ್ಲಿ ಬಂದ್ಯೋಡು ಸಿಗುತ್ತದೆ, ಅಲ್ಲಿಂದ ಒಳಗೆ ಪೆರ್ಮುದೆ ದಾಟಿ ಧರ್ಮತ್ತಡ್ಕದ ಕಡೆ ಹೋಗಬೇಕು. ಹತ್ತುವುದು ಕಷ್ಟವಿಲ್ಲ. ಮೋಡ ಸರಿದರೆ ಪಶ್ಚಿಮಕ್ಕೆ ಸಮುದ್ರ, ಮೂಡಣಕ್ಕೆ ಘಟ್ಟದ ಸಾಲು. ಸಮಯ ಇದ್ದರೆ ಬರುವ ದಾರಿಯಲ್ಲಿ ಕುಂಬಳೆಯ ಹತ್ತಿರ ಅನಂತಪುರದ ಸರೋವರ ದೇವಸ್ಥಾನವನ್ನೂ ನೋಡಿ, ಅದು ಕೂಡ ಮುರಕಲ್ಲಿನ ನೆಲದಲ್ಲೇ ಇರುವುದು. ರೈಲಿನಲ್ಲಿ ಕಣ್ಣೂರಿನ ಕಡೆ ಹೋಗುವವರಿಗೆ ಪಳಯಂಗಾಡಿ ಸ್ಟೇಷನ್ನಿನ ಹತ್ತಿರ ಮಾಡಾಯಿಪಾರ ಉಂಟು, ಅದೂ ಇಂಥದ್ದೇ, ಇನ್ನೂ ದೊಡ್ಡದು.

ಕಾಲಿಗೆ ಏನು ಹಾಕುತ್ತೀರಿ ಅನ್ನುವುದು ಬಹಳ ಮುಖ್ಯ. ಒದ್ದೆ ಮುರಕಲ್ಲಿನ ಮೇಲೆ ಕಪ್ಪಗೆ ಹಾವಸೆ ಕಟ್ಟಿರುತ್ತದೆ, ದೂರದಿಂದ ಒಣಗಿದ ಕಲ್ಲಿನ ಹಾಗೇ ಕಾಣುತ್ತದೆ, ಕಾಲಿಟ್ಟರೆ ಎಣ್ಣೆ. ತಳ ಸವೆದ ಶೂ ಬೇಡ, ಹಿಡಿತ ಇರುವ ರಬ್ಬರ್ ತಳದ್ದೇ ಬೇಕು. ಕೊಡೆ ಗಾಳಿಗೆ ನಿಲ್ಲುವುದಿಲ್ಲ, ಮಳೆ ಅಂಗಿ ತನ್ನಿ. ನನ್ನ ತಲೆಗೆ ಅಡಿಕೆ ಹಾಳೆಯ ಟೋಪಿ, ನಮ್ಮ ಮುಟ್ಟಾಳೆಯೇ ಸಾಕು. ಗುಡ್ಡದ ಬುಡದ ಕಾಡಿನಲ್ಲಿ ಇಂಬಳ, ಅಂದರೆ ಜಿಗಣೆ, ಜಾಸ್ತಿ, ಬಯಲಿಗೆ ಬಂದ ಮೇಲೆ ಕಡಿಮೆ. ಉಪ್ಪು ಕಟ್ಟಿದ ಒಂದು ಬಟ್ಟೆಯ ಗಂಟು ಕೈಯಲ್ಲಿದ್ದರೆ ಸಾಕು. ತಿನ್ನಲಿಕ್ಕೆ ಹಲಸಿನ ಹಣ್ಣಿನ ಕೊಟ್ಟಿಗೆ (ಎಲೆಯಲ್ಲಿ ಬೇಯಿಸಿದ ಕಡುಬು) ಬಾಳೆಎಲೆಯಲ್ಲೇ ತನ್ನಿ, ಪ್ಲಾಸ್ಟಿಕ್ ತರುವ ಕೆಲಸವೇ ಇಲ್ಲ.

ಮೇಲೆ ಹೋದ ಕೂಡಲೇ ಎಲ್ಲರೂ ದೂರದ ದೃಶ್ಯ ನೋಡುತ್ತಾರೆ. ಅದನ್ನು ಐದು ನಿಮಿಷ ನೋಡಿ, ಆಮೇಲೆ ಕೂತುಕೊಳ್ಳಿ. ನಿಜವಾಗಿಯೂ ಕೂತುಕೊಳ್ಳಿ, ಮೊಣಕಾಲೂರಿ ನೀರು ನಿಂತ ಒಂದು ತಗ್ಗಿಗೆ ಮುಖ ತನ್ನಿ. ನೀಲಿ ಬಣ್ಣದ, ಉಗುರಿಗಿಂತ ಸಣ್ಣ ಹೂಗಳು ಕಾಣುತ್ತವಲ್ಲ, ಮಲಯಾಳಿಗಳು ಕಾಕ್ಕಪ್ಪೂವು ಅನ್ನುತ್ತಾರೆ, ಓಣಂ ಪೂಕ್ಕಳಕ್ಕೆ, ಅಂದರೆ ಹೂವಿನ ರಂಗೋಲಿಗೆ, ಇಡುತ್ತಾರೆ. ಸಸ್ಯಶಾಸ್ತ್ರದ ಹೆಸರು ಯುಟ್ರಿಕ್ಯುಲೇರಿಯಾ. ಇದು ಬೇಟೆಗಾರ ಗಿಡ! ಈ ಕಲ್ಲಿನ ಮೇಲೆ ಇರುವ ಮಣ್ಣೇ ತೆಳ್ಳಗೆ, ಅದರಲ್ಲಿ ಸತ್ವವನ್ನು ಮಳೆ ತೊಳೆದುಬಿಡುತ್ತದೆ, ಹಾಗಾಗಿ ಮಣ್ಣಿನೊಳಗೆ ಗುಂಡುಸೂಜಿಯ ತಲೆಯಷ್ಟು ಸಣ್ಣ ಚೀಲಗಳನ್ನು ಇಟ್ಟುಕೊಂಡು, ಹತ್ತಿರ ಬಂದ ಸೂಕ್ಷ್ಮ ಜೀವಿಯನ್ನು ಕಣ್ಣು ಮಿಟುಕಿಸುವುದಕ್ಕೆ ಮೊದಲೇ ಒಳಗೆಳೆದುಕೊಳ್ಳುತ್ತದೆ. ಚೀಲ ನೋಡಬೇಕು ಅಂತ ಗಿಡ ಕೀಳಬೇಡಿ ದಯವಿಟ್ಟು. ಪಕ್ಕದಲ್ಲೇ ಡ್ರೊಸೆರಾ ಹುಡುಕಿ, ಕೆಂಪು ಕೂದಲುಗಳ ತುದಿಯಲ್ಲಿ ಅಂಟು ಹನಿ, ಬಿಸಿಲಿಗೆ ಮಿನುಗುತ್ತಿರುತ್ತದೆ, ಒಂದು ಸೊಳ್ಳೆ ಕಾಲು ಸಿಕ್ಕಿಸಿಕೊಂಡು ಬಿದ್ದಿರುವುದು ಹೆಚ್ಚಾಗಿ ಕಾಣುತ್ತದೆ. ಅಂಗಿ ಗುಂಡಿಯ ಹಾಗೆ ಬಿಳಿಯಾಗಿ ನಿಂತದ್ದು ಎರಿಯೊಕಾಲಾನ್. ಹತ್ತು ಪಟ್ಟು ದೊಡ್ಡದು ಮಾಡುವ ಒಂದು ಸಣ್ಣ ಕೈಮಸೂರ ಇದ್ದರೆ ಅರ್ಧ ದಿನ ಒಂದೇ ತಗ್ಗಿನ ಹತ್ತಿರ ಕಳೆಯಬಹುದು. ಫೋನಿನಲ್ಲಿ ತೆಗೆಯುವವರು ಫೋನನ್ನು ತಲೆಕೆಳಗಾಗಿ ಹಿಡಿಯಿರಿ, ಕ್ಯಾಮೆರಾ ನೆಲಕ್ಕೆ ತಾಗುವಷ್ಟು ಕೆಳಗೆ ಬರುತ್ತದೆ, ಆಗ ಹೂವು ಆಕಾಶದ ಎದುರು ನಿಲ್ಲುತ್ತದೆ.

ನಡೆಯುವಾಗ ಬರಿ ಕಲ್ಲಿನ ಮೇಲೆ ಕಾಲಿಡಿ, ಹುಲ್ಲಿನ ಮೇಲೆ, ನೀರಿನ ಅಂಚಿನಲ್ಲಿ ಬೇಡ. ವಾಹನವನ್ನಂತೂ ಮೇಲಕ್ಕೆ ಹತ್ತಿಸಲೇಬೇಡಿ. ನಮ್ಮ ಮನೆಯ ಹಿಂದಿನ ಪದವಿನಲ್ಲಿ ಒಂದು ವರ್ಷ ಯಾರೋ ಜೀಪು ಓಡಿಸಿದರು, ಮರುವರ್ಷ ನೀಲಿಯ ನಡುವೆ ಟಯರಿನ ಎರಡು ಗೆರೆ ಹಾಗೇ ಕೆಂಪಾಗಿ ಬರಿದಾಗಿ ಉಳಿದಿತ್ತು, ನೋಡಿ ಹೊಟ್ಟೆ ಉರಿಯಿತು. ಟಿಟ್ಟಿಭ ಹಕ್ಕಿ ತಲೆಯ ಮೇಲೆ ಕಿರುಚುತ್ತಾ ಸುತ್ತಿದರೆ ಹತ್ತಿರದಲ್ಲೇ ಮೊಟ್ಟೆ ಅಥವಾ ಮರಿ ಇದೆ ಅಂತ ಅರ್ಥ. ಅದು ನೆಲದಲ್ಲೇ ಮೊಟ್ಟೆ ಇಡುವುದು, ಕಲ್ಲಿನ ಬಣ್ಣದ್ದು. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ.

ಈಗ ಅಪಾಯದ ವಿಷಯ. ಎಲ್ಲಕ್ಕಿಂತ ದೊಡ್ಡದು ಕಲ್ಲಿನ ಕೋರೆ. ಮುರಕಲ್ಲು ನೆಲದಲ್ಲಿರುವಾಗ ಮೆತ್ತಗೆ, ಕಡಿದು ಗಾಳಿಗಿಟ್ಟರೆ ಗಟ್ಟಿ. ಬುಕಾನನ್ ಎಂಬ ಪ್ರವಾಸಿ ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡು, ಇಟ್ಟಿಗೆಯ ಹಾಗೆ ಕಡಿಯುತ್ತಾರಲ್ಲ ಅಂತ 1807ರಲ್ಲಿ ಇಟ್ಟಿಗೆಯ ಲ್ಯಾಟಿನ್ ಹೆಸರಿನಿಂದಲೇ ಲ್ಯಾಟರೈಟ್ ಅಂತ ಹೆಸರು ಕೊಟ್ಟದ್ದೂ ಅದಕ್ಕೇ. ಹಾಗೆ ಕಡಿದು ಬಿಟ್ಟ ಹೊಂಡಗಳಲ್ಲಿ ಮಳೆಗಾಲದಲ್ಲಿ ನೀರು ತುಂಬುತ್ತದೆ. ಗೋಡೆ ನೆಟ್ಟಗೆ, ಹತ್ತಿ ಬರಲು ಹಿಡಿಯಲಿಕ್ಕೆ ಏನೂ ಇರುವುದಿಲ್ಲ, ಆಳ ಮೇಲಿನಿಂದ ಗೊತ್ತಾಗುವುದಿಲ್ಲ. ಈಜು ಬರುತ್ತದೆ ಅಂತ ಇಳಿಯಬೇಡಿ, ಮಕ್ಕಳ ಕೈ ಬಿಡಬೇಡಿ, ಮಂಜು ಬಂದು ಹತ್ತು ಹೆಜ್ಜೆ ಮುಂದೆ ಕಾಣದಿದ್ದರೆ ಇದ್ದಲ್ಲೇ ನಿಲ್ಲಿ.

ಎರಡನೆಯದು ಸಿಡಿಲು. ಇದು ಮಳೆಗಾಲದ ನಡುವಿನಲ್ಲಿ ಕಡಿಮೆ, ಏಪ್ರಿಲ್, ಮೇ ಮತ್ತು ಅಕ್ಟೋಬರ್, ನವೆಂಬರಿನ ಮಧ್ಯಾಹ್ನದ ನಂತರ ಜಾಸ್ತಿ. ಪದವಿನಲ್ಲಿ ಎಲ್ಲಕ್ಕಿಂತ ಎತ್ತರ ಇರುವುದು ನೀವೇ ಮಾರಾಯ್ರೆ! ದೂರದಲ್ಲಿ ಗುಡುಗು ಕೇಳಿದರೂ ಇಳಿದುಬಿಡಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ, ಮನೆಯೊಳಗೋ ಕಾರಿನೊಳಗೋ ಸೇರಿಕೊಳ್ಳಿ, ಕೊನೆಯ ಗುಡುಗಾಗಿ ಅರ್ಧ ಗಂಟೆ ಕಾಯಿರಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಏನೂ ಬೇಡ. ಕಚ್ಚಿದ ಕಾಲನ್ನು ಅಲ್ಲಾಡಿಸದೆ, ವಿಷಕ್ಕೆ ಇಂಜೆಕ್ಷನ್ ಇರುವ ದೊಡ್ಡ ಆಸ್ಪತ್ರೆಗೆ ನೇರ ಹೋಗಬೇಕು.

ಇಳಿದ ಮೇಲೆ ಒಂದು ಕೆಲಸ ಬಾಕಿ ಉಂಟು. ಗುಡ್ಡದ ಬುಡದ ಅಡಿಕೆ ತೋಟದವರಲ್ಲಿ ಸುರಂಗ ಇದೆಯಾ ಅಂತ ಕೇಳಿ. ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ, ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಕೊರೆದ ನೀರಿನ ದಾರಿ ಅದು, ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಮನೆಯವರು ಒಪ್ಪಿದರೆ ಮಾತ್ರ ನೋಡಿ. ಕುಡಿಯುವ ನೀರು, ಚಪ್ಪಲಿ ದೂರ ಬಿಡಿ, ಒಳಗೆ ಹೋಗಬೇಡಿ. ಬಾಯಿಯ ಹತ್ತಿರ ನಿಂತು ಬೊಗಸೆ ಒಡ್ಡಿ. ನೀವು ಈಗ ತಾನೇ ನಡೆದು ಬಂದ ಆ ಬಯಲಿನ ಮೇಲೆ ಬಿದ್ದ ಮಳೆ, ಕಲ್ಲಿನೊಳಗೆ ನಿಧಾನಕ್ಕೆ ಇಳಿದು, ತಣ್ಣಗೆ ನಿಮ್ಮ ಕೈಗೆ ಬರುತ್ತದೆ.