ಕಾರು ನೋಡುವ ಮೊದಲು ಏರು ಅಳೆದೆ

ನಮ್ಮ ಮನೆಯಿಂದ ಡಾಮರು ರಸ್ತೆಗೆ ಸುಮಾರು ಮುನ್ನೂರು ಮೀಟರ್. ಅಷ್ಟರೊಳಗೆ ಒಂದು ತೋಡು, ಎರಡು ತಿರುವು, ಕೊನೆಗೆ ಮುರಕಲ್ಲಿನ ಏರು. ಏರಿನ ನೆತ್ತಿಯಲ್ಲಿ ಹಂದಿಯ ಬೆನ್ನಿನ ಹಾಗೆ ಒಂದು ದಿಬ್ಬ. ಹದಿಮೂರು ವರ್ಷ ಓಡಿಸಿದ ನಮ್ಮ ಆಲ್ಟೊಗೆ ಅದು ದಿಬ್ಬ ಅಂತಲೇ ಗೊತ್ತಿರಲಿಲ್ಲ. ಆದರೆ ಮದುವೆಗೆ ಕರೆಯಲು ಬಂದ ನೆಂಟರ ಉದ್ದ ಕಾರೊಂದು ಅಲ್ಲಿ ಹೊಟ್ಟೆ ಉಜ್ಜಿಕೊಂಡ ಸದ್ದು ಅಡುಗೆಮನೆಯವರೆಗೆ ಕೇಳಿತ್ತು. ಹಾಗಾಗಿ ನಾನು ಸೆಡಾನ್, ಅಂದರೆ ಹಿಂದೆ ಡಿಕ್ಕಿ ಬೇರೆಯೇ ಇರುವ ತಗ್ಗಿನ ಕಾರು ತೆಗೆಯುತ್ತೇನೆ ಎಂದಾಗ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಪೇಟೆಯಲ್ಲಿ ಸಿಕ್ಕಿದವರೆಲ್ಲ ಹೇಳಿದ್ದು ಒಂದೇ ಮಾತು: "ನಿಮ್ಮ ಓಣಿಗೆ ಅದು ಆಗ್ಲಿಕ್ಕಿಲ್ಲ ಮಾಷ್ಟ್ರೇ, ಎತ್ತರದ್ದು ತೆಗೀರಿ."

ಎತ್ತರದ್ದು ನೋಡದೆ ಬಿಟ್ಟದ್ದಲ್ಲ. ಭಾವನ ಎಸ್‌ಯುವಿಯಲ್ಲಿ ಅಮ್ಮನನ್ನು ಎರಡು ಸಲ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ ಎಪ್ಪತ್ತಾರು ವರ್ಷ, ಎರಡೂ ಮೊಣಗಂಟು ಸವೆದಿದೆ. ಸೀರೆಯ ನೆರಿಗೆ ಎತ್ತಿ ಹಿಡಿದು ಅಷ್ಟೆತ್ತರಕ್ಕೆ ಕಾಲಿಡುವುದು ಅವರಿಂದ ಆಗಲಿಲ್ಲ. ಊಟಕ್ಕೆ ಕೂರುವ ಮಣೆಯನ್ನು ಕಾರಿನಲ್ಲಿ ಇಟ್ಟುಕೊಂಡು, ಇಳಿಯುವಲ್ಲೆಲ್ಲ ಅದನ್ನು ನೆಲಕ್ಕಿಟ್ಟು, ಒಬ್ಬರು ಕೈ ಹಿಡಿದು, ಇನ್ನೊಬ್ಬರು ಮಣೆ ಜಾರದ ಹಾಗೆ ಮೆಟ್ಟಿ ನಿಂತು ಇಳಿಸಿದೆವು. ಆಸ್ಪತ್ರೆಯ ಬಾಗಿಲಲ್ಲಿ ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಿದ್ದ. ವಾಪಸು ಬರುವಾಗ ಅಮ್ಮ, "ಇನ್ನು ನನ್ನನ್ನು ಎಲ್ಲಿಗೂ ಕರ್ಕೊಂಡು ಹೋಗುದು ಬೇಡ" ಎಂದರು. ಆಲ್ಟೊದ ಕಷ್ಟ ಬೇರೆ. ಕೂರುವುದು ಸುಲಭ, ಏಳುವಾಗ ಬಾಗಿಲ ಚೌಕಟ್ಟಿಗೆ ತಲೆ ತಾಗುತ್ತದೆ, ಮೊಣಕಾಲು ಮಡಚಿಯೇ ಇರಬೇಕು.

ಮನೆಗೆ ಬಂದು ಅಮ್ಮ ಯಾರ ಸಹಾಯವೂ ಇಲ್ಲದೆ ಏಳುವ ಕುರ್ಚಿಯನ್ನು ಟೇಪು ಹಿಡಿದು ಅಳೆದೆ. ನೆಲದಿಂದ 48 ಸೆಂಟಿಮೀಟರ್. ಭಾವನ ಕಾರಿನ ಹಿಂದಿನ ಸೀಟು 70ರ ಹತ್ತಿರ. ಆಮೇಲೆ ಎಲ್ಲಿ ಕಾರು ನೋಡಲು ಹೋದರೂ ಜೇಬಿನಲ್ಲಿ ಟೇಪು. ಶೋರೂಮಿನ ಹುಡುಗರು ಎಂಜಿನ್ ಬಗ್ಗೆ ಹೇಳುತ್ತಿದ್ದರೆ ನಾನು ಬಾಗಿಲು ತೆರೆದು ಸೀಟಿನ ಎತ್ತರ ಅಳೆಯುತ್ತಿದ್ದೆ. ಮಧ್ಯಮ ಗಾತ್ರದ ಸೆಡಾನ್‌ಗಳಲ್ಲಿ ನನಗೆ ಸಿಕ್ಕಿದ ಲೆಕ್ಕ 50ರಿಂದ 54. ಒಂದು ಕಂಬಳಿ ಮಡಚಿ ಹಾಕಿದರೆ ಹೆಚ್ಚಿಸಬಹುದು. ಇಪ್ಪತ್ತು ಸೆಂಟಿಮೀಟರ್ ತಗ್ಗಿಸಲು ಯಾವ ಕಂಬಳಿಯಿಂದಲೂ ಆಗುವುದಿಲ್ಲ. ಹೀಗೆ ಸೆಡಾನ್ ಅಂತ ಗಟ್ಟಿಯಾಯಿತು. ಇನ್ನೊಂದು ಸಣ್ಣ ಕಾರಣವೂ ಉಂಟು. ಮೈಸೂರಿನಲ್ಲಿರುವ ತಂಗಿಯ ಮನೆಗೆ ಹಲಸಿನ ಹಣ್ಣು ಕೊಂಡೊಯ್ಯುವಾಗ ಡಿಕ್ಕಿ ಬೇರೆಯೇ ಇದ್ದರೆ ಜಾಲ್ಸೂರಿನಿಂದ ಸಂಪಾಜೆ ಘಾಟಿ ಮುಗಿಯುವವರೆಗೆ ಮೂಗು ಮುಚ್ಚಿ ಕೂರಬೇಕಾಗಿಲ್ಲ. ಆ ತಿರುವುಗಳಲ್ಲಿ ವಾಸನೆ ಸೇರಿದರೆ ಮಕ್ಕಳಿಬ್ಬರೂ ವಾಂತಿ.

ಉಳಿದದ್ದು ದಿಬ್ಬ. ಕಾರಿನ ನೆಲದಂತರ, ಅಂದರೆ ಗ್ರೌಂಡ್ ಕ್ಲಿಯರೆನ್ಸ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಅದೊಂದರಿಂದ ಏನೂ ಗೊತ್ತಾಗುವುದಿಲ್ಲ. ಆಲ್ಟೊದ್ದು 160 ಮಿಲಿಮೀಟರ್, ಹಾಗಿದ್ದೂ ತಾಗುತ್ತಿರಲಿಲ್ಲ. ಯಾಕೆಂದರೆ ಅದರ ಮುಂದಿನ ಹಿಂದಿನ ಚಕ್ರಗಳ ನಡುವೆ ಇರುವುದು 2.36 ಮೀಟರ್ ಮಾತ್ರ. ಚಕ್ರಗಳ ನಡುವಿನ ದೂರ ಹೆಚ್ಚಿದಷ್ಟೂ ದಿಬ್ಬದ ನೆತ್ತಿ ಕಾರಿನ ಹೊಟ್ಟೆಗೆ ಹತ್ತಿರ ಬರುತ್ತದೆ. ನಾನು ಮಾಡಿದ್ದು ಇಷ್ಟು: ನೆಟ್ಟಗಿರುವ ಒಂದು ಅಡಿಕೆ ದಬ್ಬೆಯನ್ನು ಸರಿಯಾಗಿ 2.65 ಮೀಟರ್ ಉದ್ದಕ್ಕೆ ಕಡಿದೆ. ಮಾರುತಿಯ ಸಿಯಾಜ್, ಫೋಕ್ಸ್‌ವ್ಯಾಗನ್ನಿನ ವರ್ಟಸ್‌ಗಳಿಗೆಲ್ಲ ಹೆಚ್ಚುಕಮ್ಮಿ ಅಷ್ಟೇ ದೂರ. ಹೋಂಡಾ ಸಿಟಿಯದ್ದು 2.60. ದಬ್ಬೆಯ ನಡುವನ್ನು ದಿಬ್ಬದ ನೆತ್ತಿಗೆ ಇಟ್ಟು ಎರಡೂ ತುದಿ ನೆಲದಿಂದ ಎಷ್ಟು ಮೇಲೆ ನಿಂತಿದೆ ಎಂದು ಅಳೆದೆ. ಹದಿನಾರು ಸೆಂಟಿಮೀಟರ್. ಖಾಲಿ ಸಿಯಾಜ್‌ನ ನೆಲದಂತರ 17. ಐದು ಜನ ಕೂತು ಡಿಕ್ಕಿ ತುಂಬಿದರೆ ಸ್ಪ್ರಿಂಗ್ ಕುಗ್ಗಿ ಮೂರು ನಾಲ್ಕು ಸೆಂಟಿಮೀಟರ್ ಹೋಗುತ್ತದೆ. ಅಂದರೆ ಖಂಡಿತ ತಾಗುತ್ತದೆ. ಪೇಟೆಯವರು ಹೇಳಿದ್ದು ಸರಿಯೇ.

ಆ ರಾತ್ರಿ ಲೆಕ್ಕ ಹಾಕುತ್ತ ಕೂತಾಗ ಹೆಂಡತಿ ಕೇಳಿದಳು, "ದಿಬ್ಬವನ್ನೇ ಕಡಿದರೆ ಆಗುದಿಲ್ವಾ?" ಮೂರು ತಿಂಗಳಿನಿಂದ ಹೊಳೆಯದ ವಿಷಯ. ಇಬ್ಬರು ಆಳು, ಎರಡು ದಿನ, ಪಿಕ್ಕಾಸಿನಲ್ಲಿ ಮುರ ಕಡಿದು ನೆತ್ತಿ ತಗ್ಗಿಸಿ, ಕಡಿದ ಮಣ್ಣನ್ನೇ ಎರಡೂ ಬದಿಗೆ ಹರಡಿ, ಮೇಲೆ ಜಲ್ಲಿ ಹಾಕಿದರು. ಆಮೇಲೆ ದಬ್ಬೆ ಇಟ್ಟು ನೋಡಿದರೆ ಒಂಬತ್ತೂವರೆ. ಕೂಲಿ, ಜಲ್ಲಿ, ಚಾ ತಿಂಡಿ ಎಲ್ಲ ಸೇರಿ ಖರ್ಚಾದದ್ದು ಒಂದು ಜೊತೆ ಟಯರಿನ ಬೆಲೆ. ಎತ್ತರದ ಕಾರಿಗೆ ನಾನು ಹೆಚ್ಚು ಕೊಡಲು ಹೊರಟಿದ್ದದ್ದು ಲಕ್ಷಗಳಲ್ಲಿ.

ಹೊಸತೋ ಹಳತೋ ಎಂಬುದನ್ನು ನನ್ನ ಕೈಯಳತೆಯೇ ಹೇಳಿಬಿಟ್ಟಿತು. ಎಂಟು ಲಕ್ಷ ಮೀರಬಾರದು, ಸಾಲ ಬೇಡ. ಹೊಸ ವರ್ಟಸ್ ಓಡಿಸಿ ನೋಡಿದೆ, 1.0 ಲೀಟರಿನ ಟರ್ಬೊ ಎಂಜಿನ್, 115 ಪಿಎಸ್ ಶಕ್ತಿ, ನೆಲದಂತರ 179 ಮಿಲಿಮೀಟರ್, 2023ರಲ್ಲಿ ಕಾರುಗಳನ್ನು ಗುದ್ದಿಸಿ ಸುರಕ್ಷತೆ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ. ಮನಸ್ಸು ಅಲ್ಲೇ ಉಳಿಯಿತು ಎಂದರೆ ಸುಳ್ಳಲ್ಲ. ಆದರೆ ಕೇರಳದ ರಸ್ತೆ ತೆರಿಗೆ ಕಾರಿನ ಬೆಲೆ ಏರಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ವಿಮೆ ಸೇರಿಸಿ ರಸ್ತೆಗಿಳಿಯುವ ಹೊತ್ತಿಗೆ ನನ್ನ ಲೆಕ್ಕಕ್ಕಿಂತ ಬಹಳ ಆಚೆ. ವರ್ಷಕ್ಕೆ ಎಂಟು ಸಾವಿರ ಕಿಲೋಮೀಟರ್ ಓಡಿಸುವವನಿಗೆ ಅದು ಅಂಗಳದಲ್ಲಿ ನಿಂತು ಬೆಲೆ ಕಳೆದುಕೊಳ್ಳುವ ವಸ್ತು. ಇದೇ ಕಾರಣಕ್ಕೆ ಡೀಸೆಲನ್ನೂ ಬಿಟ್ಟೆ.

ಹಳತು ಎಂದಾಗ ಗಡಿಯವರಾದ ನಮಗೆ ಇನ್ನೊಂದು ಆಸೆ. ತಲಪಾಡಿ ದಾಟಿದರೆ ಮಂಗಳೂರು, ಅಲ್ಲಿ ಆಯ್ಕೆ ಜಾಸ್ತಿ. ಪರಿಚಯದವರೊಬ್ಬರ ಕೆಎ 19 ನೋಂದಣಿಯ 2018ರ ಹೋಂಡಾ ಸಿಟಿ ನಮ್ಮ ಕಡೆಯ ಬೆಲೆಗಿಂತ ಐವತ್ತು ಸಾವಿರ ಕಡಿಮೆಗೆ ಇತ್ತು. ಚೊಕ್ಕ ಕಾರು. ಆದರೆ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವ ವಾಹನವನ್ನು ಅಲ್ಲಿ ಮರುನೋಂದಣಿ ಮಾಡಿಸಲೇಬೇಕು ಎಂಬುದು ಮೋಟಾರು ವಾಹನ ಕಾಯ್ದೆಯ 47ನೆಯ ಸೆಕ್ಷನ್. ಅದಕ್ಕೆ ಮೊದಲು ಮಂಗಳೂರಿನಿಂದ ಫಾರಂ 28ರಲ್ಲಿ ಆಕ್ಷೇಪವಿಲ್ಲ ಎನ್ನುವ ಪತ್ರ, ಅಂದರೆ ಎನ್‌ಒಸಿ, ಇಲ್ಲಿ ಬಂದು ಉಳಿದ ವರ್ಷಗಳಿಗೆ ಕೇರಳದ ತೆರಿಗೆ, ಆಮೇಲೆ ಕರ್ನಾಟಕಕ್ಕೆ ಕಟ್ಟಿದ ತೆರಿಗೆಯ ಉಳಿಕೆಯನ್ನು ವಾಪಸು ಕೇಳಿ ಓಡಾಟ. ಐವತ್ತು ಸಾವಿರದ ಲಾಭ ಕಾಗದದಲ್ಲೇ ಕರಗಿತು. ಮರುನೋಂದಣಿ ಮಾಡದೆ ವರ್ಷಗಟ್ಟಲೆ ಓಡಿಸುವವರು ನಮ್ಮ ಕಡೆ ಬೇಕಾದಷ್ಟು ಇದ್ದಾರೆ. ಶಾಲೆಯಲ್ಲಿ ಮಕ್ಕಳಿಗೆ ನಿಯಮ ಹೇಳುವವನು ನಾನು. ಚೆಕ್ಕಿಂಗ್ ಕಂಡಾಗಲೆಲ್ಲ ಎದೆ ಹೊಡೆದುಕೊಳ್ಳುವ ಕಾರು ನನಗೆ ಬೇಡ.

ಹಾಗಾಗಿ ಕೆಎಲ್ 14, ಕೆಎಲ್ 60 ಎರಡೇ. ಕಾಸರಗೋಡು, ಕಾಞಂಗಾಡ್. ಏಳು ಕಾರು ನೋಡಿದೆ. ಅದರಲ್ಲಿ ಒಂದರ ಕಥೆ ಹೇಳಬೇಕು.

ಕರಾವಳಿಯ ಪೇಟೆಯೊಂದರ ಸೆಕೆಂಡ್ ಹ್ಯಾಂಡ್ ಅಂಗಡಿ. ಹೊಳೆಯುವ ಬಿಳಿ ಸೆಡಾನ್, ಒಳಗೆ ಕೂತರೆ ಮಲ್ಲಿಗೆಯ ಪರಿಮಳ. ನಮ್ಮ ಮೆಕ್ಯಾನಿಕ್ ಕೂತ ಕೂಡಲೇ ಮೂಗು ಅರಳಿಸಿ, "ಸೆಂಟು ಜಾಸ್ತಿ ಆಯ್ತಲ್ಲ ಮಾಷ್ಟ್ರೇ" ಎಂದ. ಹಿಂದಿನ ಸೀಟು ಬೆಲ್ಟನ್ನು ಕೊನೆಯವರೆಗೆ ಎಳೆದ. ಮೊದಲ ಎರಡಡಿ ಬೂದು ಬಣ್ಣ, ಆಮೇಲೆ ಕೆಂಪಗಿನ ಕಲೆ, ಅಡ್ಡಕ್ಕೆ ಗೆರೆ ಎಳೆದ ಹಾಗೆ. ಡಿಕ್ಕಿಯ ಸ್ಟೆಪ್ನಿ ಎತ್ತಿದ, ಗುಂಡಿಯ ಮೂಲೆಯಲ್ಲಿ ಉಗುರಿನಿಂದ ಕೆರೆದ, ನಯವಾದ ಒಣ ಕೆಸರು. ಮುಂದಿನ ಸೀಟಿನ ಕೆಳಗಿನ ಹಳಿಗೆ ತುಕ್ಕು. ಕಾರು ನೆರೆಯಲ್ಲಿ ನಿಂತಿತ್ತು. ಅಂಗಡಿಯವನು "ಮಳೆಗೆ ಗ್ಲಾಸ್ ಹಾಕ್ಲಿಕ್ಕೆ ಮರ್ತುಹೋಗಿತ್ತು" ಎಂದ. ಗ್ಲಾಸಿನಿಂದ ಬಂದ ಮಳೆನೀರು ಕೆಸರು ತರುವುದಿಲ್ಲ. ನೆರೆಯಲ್ಲಿ ಮುಳುಗಿದ ಕಾರಿನ ಎಂಜಿನ್ ಸರಿ ಮಾಡಬಹುದು; ವಯರಿಂಗಿನ ಕನೆಕ್ಟರ್‌ಗಳೊಳಗೆ ಹಿಡಿದ ಹಸಿರು ಕಿಲುಬು ಎರಡು ವರ್ಷದ ಮೇಲೆ ಒಂದೊಂದಾಗಿ ಬಾಯಿ ಬಿಡುತ್ತದೆ, ಏರ್‌ಬ್ಯಾಗ್ ಲೈಟು ಉರಿಯುತ್ತದೆ, ಕಾರಣ ಯಾರಿಗೂ ಸಿಗುವುದಿಲ್ಲ. ಚಾ ಕುಡಿಯಿರಿ ಎಂದರು. ಕುಡಿದು ಬಂದೆವು.

ಕೊನೆಗೆ ಸಿಕ್ಕಿದ್ದು ಕೆಎಲ್ 60ರ 2019ರ ಸಿಯಾಜ್, 1.5 ಪೆಟ್ರೋಲ್, ಮ್ಯಾನ್ಯುವಲ್ ಗೇರು. ನಿವೃತ್ತರಾದ ಒಬ್ಬರೇ ಮಾಲೀಕರು. ಮೀಟರ್ 46 ಸಾವಿರ ತೋರಿಸುತ್ತಿತ್ತು. ಮೀಟರನ್ನು ನಾವು ನಂಬುವುದಿಲ್ಲ, ಸರ್ವಿಸ್ ಚರಿತ್ರೆ ತೆಗೆಸಿದೆವು. ಪ್ರತಿ ಸಲದ ಕಿಲೋಮೀಟರು ಏರುಕ್ರಮದಲ್ಲೇ ಇತ್ತು. ಕ್ಲಚ್ ಪೆಡಲಿನ ರಬ್ಬರು, ಸ್ಟಿಯರಿಂಗಿನ ಮೇಲ್ಭಾಗ, ಡ್ರೈವರ್ ಸೀಟಿನ ಹೊರ ಅಂಚು ಮೂರೂ ಅಷ್ಟೇ ಸವೆದಿದ್ದವು. ಟಯರಿನ ಮೇಲಿನ ಕೊನೆಯ ನಾಲ್ಕು ಅಂಕಿ 1519, ಅಂದರೆ 2019ರ ಹದಿನೈದನೆಯ ವಾರ. ಕಾರಿನ ಜೊತೆ ಬಂದ ಟಯರೇ; ಗಾಡಿ ಓಡಿದ್ದು ಕಡಿಮೆ ಎನ್ನುವುದಕ್ಕೆ ಸಾಕ್ಷಿ, ನನಗೆ ನಾಲ್ಕು ಹೊಸ ಟಯರಿನ ಖರ್ಚು. ಮೇಲಿನ ಗೀರುಗಳು ಸವೆಯದೆ ಉಳಿದಿದ್ದರೂ ಆರು ವರ್ಷದ ರಬ್ಬರು ಮಳೆಯಲ್ಲಿ ಮೊದಲಿನಷ್ಟು ಹಿಡಿತ ಕೊಡುವುದಿಲ್ಲ. ಎಡ ಹಿಂಬಾಗಿಲಿಗೆ ಮರುಬಣ್ಣ ಆಗಿತ್ತು, ಬಾನೆಟ್ಟಿನ ಬೋಲ್ಟುಗಳ ಮೇಲಿನ ಪೈಂಟು ಕಿತ್ತಿರಲಿಲ್ಲ, ಅಂದರೆ ಅದನ್ನು ಬಿಚ್ಚಿದ್ದಿಲ್ಲ. ಮಾಲೀಕರು ಕೇಳುವ ಮೊದಲೇ "ಗೇಟಿಗೆ ತಾಗಿಸಿದ್ದು ನಾನೇ" ಎಂದರು. ಸಮುದ್ರದ ಗಾಳಿಗೆ ಅಡಿಭಾಗ ಹೇಗಿದೆಯೋ ಎಂಬ ಭಯಕ್ಕೆ ಗ್ಯಾರೇಜಿನಲ್ಲಿ ಮೇಲೆತ್ತಿ ನೋಡಿದೆವು. ಸೈಲೆನ್ಸರಿನ ಕ್ಲಾಂಪು ಬಿಟ್ಟರೆ ತುಕ್ಕು ಇರಲಿಲ್ಲ.

ಬೆಳಿಗ್ಗೆ ಅವರ ಮನೆಗೆ ಹೋಗುವ ಮೊದಲು ಫೋನು ಮಾಡಿ "ಕಾರು ಸ್ಟಾರ್ಟ್ ಮಾಡಬೇಡಿ" ಎಂದಿದ್ದೆ. ತಣ್ಣಗಿನ ಎಂಜಿನ್ ಸುಳ್ಳು ಹೇಳುವುದಿಲ್ಲ. ಎರಡನೆಯ ಭೇಟಿಗೆ ಅಮ್ಮನನ್ನೂ ಕರೆದುಕೊಂಡು ಹೋದೆ. ಅವರು ನಾಲ್ಕು ಸಲ ಕೂತು ಎದ್ದರು. ಮನೆಯೊಡತಿ ನಿಂಬೆ ಶರಬತ್ತು ತಂದರು. "ಇದು ಆದೀತು" ಎಂದರು ಅಮ್ಮ, ಶರಬತ್ತಿಗೋ ಕಾರಿಗೋ ತಿಳಿಯಲಿಲ್ಲ.

ಬೆಲೆಯ ಮಾತು. ಜುಲೈಯಲ್ಲಿ ಅವರು ಹೇಳಿದ್ದು ಏಳೂ ನಲವತ್ತು. 2025ರ ಸೆಪ್ಟೆಂಬರ್ 22ರಿಂದ ಕಾರುಗಳ ಜಿಎಸ್‌ಟಿ ಇಳಿಯಿತು. ನಾಲ್ಕು ಮೀಟರಿಗಿಂತ ಉದ್ದದ ಈ ವರ್ಗಕ್ಕೆ ಸೆಸ್ಸು ಸೇರಿ 45 ಶೇಕಡಾ ಇದ್ದದ್ದು 40 ಆಯಿತು, ಸಣ್ಣ ಕಾರುಗಳಿಗೆ 18ಕ್ಕೇ ಇಳಿಯಿತು. ಹೊಸತರ ಬೆಲೆ ಇಳಿದಾಗ ಹಳತು ಮೊದಲಿನ ಜಾಗದಲ್ಲೇ ಕೂರಲು ಆಗುವುದಿಲ್ಲ. ಸಿಯಾಜ್ ಮಾರಾಟ ಆ ವರ್ಷವೇ ನಿಂತದ್ದೂ ಕೊಳ್ಳುವವರನ್ನು ಹಿಂಜರಿಸಿತ್ತು. ನನಗೆ ಆ ಹೆದರಿಕೆ ಇರಲಿಲ್ಲ. ಅದೇ ಎಂಜಿನ್ ಎರ್ಟಿಗಾ, ಬ್ರೆಝಾಗಳಲ್ಲಿ ಲಕ್ಷಗಟ್ಟಲೆ ಓಡಾಡುತ್ತಿದೆ, ಬಿಡಿಭಾಗ ಸಿಗುತ್ತದೆ. ಅಕ್ಟೋಬರಿನಲ್ಲಿ ಆರೂ ಎಂಬತ್ತಕ್ಕೆ ಮುಗಿಯಿತು.

ದುಡ್ಡು ಕೊಟ್ಟ ದಿನವೇ ಒಡೆತನ ಬದಲಿಸುವ ಫಾರಂ 29 ಮತ್ತು 30ಕ್ಕೆ ಸಹಿ. ಪರಿವಾಹನ್ ಜಾಲತಾಣದಲ್ಲಿ ಅರ್ಜಿ ಹಾಕುವಾಗ ಒಟಿಪಿ ಅವರ ಫೋನಿಗೆ ಬರುತ್ತದೆ, ಹಾಗಾಗಿ ಅವರ ಜಗಲಿಯಲ್ಲೇ ಕೂತು ಮಾಡಿದೆ. ಬ್ಯಾಂಕಿನ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಇತ್ತು. ಸಾಲ ಮುಗಿದಿದೆ ಎನ್ನುವ ಫಾರಂ 35 ತಂದು ಅದನ್ನು ತೆಗೆಸಲು ಎರಡು ವಾರ ಹೋಯಿತು. ವಿಮೆಯನ್ನು 14 ದಿನದೊಳಗೆ ನನ್ನ ಹೆಸರಿಗೆ ಮಾಡಿಸಿದೆ. ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗೆ ವಿಮೆಯಲ್ಲಿ ಸಿಗುವ ರಿಯಾಯಿತಿ, ಕಾರಿನ ಜೊತೆ ಬರುವುದಿಲ್ಲ, ಅದು ಮಾರಿದವರದ್ದು, ಅದರ ವ್ಯತ್ಯಾಸ ನಾನು ಕಟ್ಟಬೇಕಾಯಿತು. ಇದು ಮೊದಲೇ ಗೊತ್ತಿದ್ದರೆ ಚೌಕಾಶಿಯಲ್ಲಿ ಹಿಡಿಯುತ್ತಿದ್ದೆ.

ಕೊರತೆಯೂ ಉಂಟು. ಏರ್‌ಬ್ಯಾಗ್ ಎರಡೇ. ಚೆರ್ಕಳದಲ್ಲಿ ಹೆದ್ದಾರಿಗೆ ಇಳಿದು ಲಾರಿಗಳ ನಡುವೆ ಸಿಕ್ಕಾಗ ವರ್ಟಸ್‌ನ ಆ ಐದು ನಕ್ಷತ್ರ ನೆನಪಾಗುತ್ತದೆ. ಪೆಟ್ರೋಲಿನಲ್ಲಿ ಈಗ ಶೇಕಡಾ 20 ಎಥನಾಲ್. ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಕಡಿಮೆ, ಹಾಗಾಗಿ ಹಳೆಯ ಮಾಲೀಕರು ಹೇಳಿದ ಮೈಲೇಜು ನನಗೆ ಸಿಕ್ಕಿಲ್ಲ. ಬದಿಯಡ್ಕ, ಪೆರ್ಲ, ಕಲ್ಲಡ್ಕದ ದಾರಿಯಲ್ಲಿ ಲೀಟರಿಗೆ ಹದಿನೈದು.

ಮಣೆ ಅಡುಗೆಮನೆಗೆ ವಾಪಸಾಯಿತು. ದಿಬ್ಬ ಈಗ ತಾಗುವುದಿಲ್ಲ, ಆದರೆ ಡಿಕ್ಕಿ ತುಂಬ ತೆಂಗಿನಕಾಯಿ ಹೇರಿದ ದಿನ ಹಿಂದಿನ ಮಡ್‌ಫ್ಲಾಪು ಏರಿನ ಬುಡದಲ್ಲಿ ಸರ್ ಎಂದು ಉಜ್ಜುತ್ತದೆ. ಆವತ್ತು ಮಕ್ಕಳಿಬ್ಬರು ಅಲ್ಲೇ ಇಳಿದು ನಡೆದು ಬರುತ್ತಾರೆ, ಅಮ್ಮ ಮಾತ್ರ ಕಾರಿನಲ್ಲಿ.