ಕೂಪರ್ ಕ್ರೀಕ್‌ಗೆ ಹೊರಟಿದ್ದೀರಾ? ದಿನಾಂಕ ಗಟ್ಟಿ ಮಾಡಬೇಡಿ

ಆಸ್ಟ್ರೇಲಿಯಾದ ಮಕ್ಕಳ ಮನೆಗೆ ಹೋದವರು ಸಾಮಾನ್ಯವಾಗಿ ಸಿಡ್ನಿ, ಮೆಲ್ಬರ್ನ್, ಒಂದಿಷ್ಟು ಕಡಲತೀರ ನೋಡಿ ವಾಪಸಾಗುತ್ತಾರೆ. ಅಷ್ಟಕ್ಕೆ ತೃಪ್ತಿಯಾಗದವರಿಗೆ ಒಳನಾಡಿನ ಮರುಭೂಮಿಯಲ್ಲಿ ಕೂಪರ್ ಕ್ರೀಕ್ ಎಂಬ ಹೊಳೆ ಇದೆ. ಅದರ ದಡದ ಪುಟ್ಟ ಊರು ಇನ್ನಮಿಂಕಾ. ಅಡಿಲೇಡ್‌ನಿಂದ ಸಾವಿರ ಕಿಲೋಮೀಟರ್‌ಗೂ ಜಾಸ್ತಿ ದೂರ. ಒಂದು ಹೋಟೆಲ್, ಒಂದು ಅಂಗಡಿ, ಬೆರಳೆಣಿಕೆಯ ಜನ.

ಮೊದಲು ತಿಂಗಳು, ಆಮೇಲೆ ನೀರಿನ ಸುದ್ದಿ

ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹೋಗಿ. ರಾತ್ರಿ ಚಳಿ ಕೊರೆಯುತ್ತದೆ, ಹಗಲು ಹಿತವಾಗಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಶಾಲೆಗೆ ರಜೆ ಇದೆ ಅಂತ ಆಗ ಹೊರಡುವುದು ಬೇಡವೇ ಬೇಡ.

ತಿಂಗಳು ಆಯ್ದುಕೊಂಡರೆ ಸಾಲದು. ಕೂಪರ್‌ನ ನೀರು ಬರುವುದು ಕ್ವೀನ್ಸ್‌ಲ್ಯಾಂಡ್‌ನ ಥಾಮ್ಸನ್ ಮತ್ತು ಬಾರ್ಕೂ ನದಿಗಳಿಂದ. ನೆಲ ಎಷ್ಟು ಸಮತಟ್ಟು ಎಂದರೆ, ಅಲ್ಲಿ ಸುರಿದ ಮಳೆ ಇನ್ನಮಿಂಕಾ ತಲುಪಲು ವಾರಗಟ್ಟಲೆ ಬೇಕು. ಹೀಗಾಗಿ ನೀವು ಹೋದಾಗ ಆಕಾಶ ನೀಲಿಯಾಗಿರಬಹುದು, ಸೇತುವೆ ಮಾತ್ರ ನೀರಲ್ಲಿ ಮುಳುಗಿರಬಹುದು. 2025ರ ಮಾರ್ಚ್ ಕೊನೆಯಲ್ಲಿ ಪಶ್ಚಿಮ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಬಿದ್ದ ಭಾರಿ ಮಳೆಯ ನೀರು ಹೀಗೇ ನಿಧಾನವಾಗಿ ಕೆಳಗೆ ಇಳಿದು ಬಂತು.

ಆದ್ದರಿಂದ ಹವಾಮಾನ ವರದಿ ನೋಡುವಾಗ ಇನ್ನಮಿಂಕಾದ ಮಳೆ ಮಾತ್ರ ನೋಡಿದರೆ ಪ್ರಯೋಜನ ಕಡಿಮೆ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಹೊಳೆಯ ಮೇಲ್ಭಾಗದ ಊರುಗಳಾದ ವಿಂಡೋರಾ, ಲಾಂಗ್‌ರೀಚ್ ಕಡೆ ಹಿಂದಿನ ಒಂದೆರಡು ತಿಂಗಳು ಏನಾಯಿತು ನೋಡಿ. ಹೊರಡುವ ದಿನ ಬೆಳಿಗ್ಗೆ ದಕ್ಷಿಣ ಆಸ್ಟ್ರೇಲಿಯಾ ಸರ್ಕಾರದ ಔಟ್‌ಬ್ಯಾಕ್ ರಸ್ತೆ ವರದಿಯನ್ನೂ ನೋಡಿ. ರಸ್ತೆ ಮುಚ್ಚಿದೆ ಅಂದರೆ ಮುಚ್ಚಿದೆ, ಅಷ್ಟೇ. ಸುಮ್ನೆ ಒಂದು ಸಲ ಪ್ರಯತ್ನಿಸೋಣ ಅಂತ ನುಗ್ಗಿದರೆ ದಂಡ ಬೀಳುತ್ತದೆ, ಕೆಸರಿನಲ್ಲಿ ಸಿಕ್ಕಿಬಿದ್ದರೆ ಎಳೆಯಲು ಬರುವವರೂ ಇಲ್ಲ. ವಾಪಸ್ ವಿಮಾನದ ಟಿಕೆಟ್‌ಗೂ ಈ ಪ್ರವಾಸಕ್ಕೂ ನಡುವೆ ಎರಡು ಮೂರು ದಿನ ಖಾಲಿ ಬಿಡಿ. ಇಡೀ ಯೋಜನೆಯಲ್ಲಿ ಮುಖ್ಯವಾದ ಮಾತು ಇದೇ.

ಗಾಡಿ, ಪರವಾನಗಿ, ಪಾಸ್

ತಳ ನೆಲದಿಂದ ಎತ್ತರದಲ್ಲಿರುವ (ಹೈ ಕ್ಲಿಯರೆನ್ಸ್) ಫೋರ್ ವೀಲ್ ಡ್ರೈವ್ ತೆಗೆದುಕೊಳ್ಳಿ. ಬಾಡಿಗೆ ಗಾಡಿಯಾದರೆ ಕರಾರು ಪತ್ರವನ್ನು ಪೂರ್ತಿ ಓದಿ. ಡಾಂಬರಿಲ್ಲದ ರಸ್ತೆಗೆ ವಿಮೆ ಅನ್ವಯಿಸದು ಎಂಬ ಸಾಲು ಹಲವು ಕರಾರುಗಳಲ್ಲಿ ಇರುತ್ತದೆ. ಪ್ರವಾಸಿಗರು ನಮ್ಮ ಕರ್ನಾಟಕದ ಲೈಸೆನ್ಸ್‌ನಲ್ಲೇ ಓಡಿಸಬಹುದು, ಅದರಲ್ಲಿ ಇಂಗ್ಲಿಷ್ ಇದೆಯಲ್ಲ. ಜೊತೆಗೆ ಅಂತರರಾಷ್ಟ್ರೀಯ ಪರ್ಮಿಟ್ ಇದ್ದರೆ ಬಾಡಿಗೆ ಕಂಪನಿಯವರ ಹತ್ತಿರ ವಾದ ತಪ್ಪುತ್ತದೆ. ಅಲ್ಲಿಯೂ ರಸ್ತೆಯ ಎಡಬದಿಯಲ್ಲೇ ಓಡಿಸುವುದು.

ಇನ್ನಮಿಂಕಾ ಸುತ್ತಲಿನ ಸಂರಕ್ಷಿತ ಪ್ರದೇಶಕ್ಕೆ ಪ್ರವೇಶ ಮತ್ತು ಕ್ಯಾಂಪಿಂಗ್ ಶುಲ್ಕ ಇದೆ. ಹಲವು ಮರುಭೂಮಿ ಉದ್ಯಾನಗಳಿಗೆ ಹೋಗುವವರು ಡೆಸರ್ಟ್ ಪಾರ್ಕ್ಸ್ ಪಾಸ್ ತೆಗೆದುಕೊಳ್ಳುತ್ತಾರೆ. ಆನ್‌ಲೈನ್ ಕೆಲಸವನ್ನೆಲ್ಲ ಅಡಿಲೇಡ್‌ನಲ್ಲೇ ಮುಗಿಸಿಕೊಳ್ಳಿ.

ಸ್ಟ್ರೆಜ್‌ಲೆಕಿ ಟ್ರ್ಯಾಕ್

ಅಡಿಲೇಡ್ ಕಡೆಯಿಂದ ಹೋಗುವವರು ಹಿಡಿಯುವ ದಾರಿ ಇದು. ಲಿಂಡ್‌ಹರ್ಸ್ಟ್ ಎಂಬ ಊರಿನಿಂದ ಇನ್ನಮಿಂಕಾಕ್ಕೆ ಸುಮಾರು 470 ಕಿ.ಮೀ. ಬೆಂಗಳೂರಿನಿಂದ ಧಾರವಾಡ ದಾಟಿ ಹೋದಷ್ಟು ದಾರಿ, ನಡುವೆ ಒಂದು ಟೀ ಅಂಗಡಿಯೂ ಇಲ್ಲ. ಮೂಂಬಾದಲ್ಲಿ ಅನಿಲ ಘಟಕ ಇದೆ, ಆದರೆ ಅಲ್ಲಿ ಪ್ರವಾಸಿಗರಿಗೆ ಪೆಟ್ರೋಲ್, ಊಟ ಸಿಗುವುದಿಲ್ಲ. ಕೆಲವು ಭಾಗಕ್ಕೆ ಡಾಂಬರು ಬಿದ್ದಿದೆ, ಉಳಿದದ್ದು ಜಲ್ಲಿ ಮತ್ತು ಮಣ್ಣು. ಗಿಬ್ಬರ್ ಎನ್ನುವ ಚೂಪು ಕಲ್ಲುಗಳು ಟಯರ್ ಸೀಳುತ್ತವೆ, ಎರಡು ಸ್ಟೆಪ್ನಿ ಇರಲಿ. ಟಯರ್‌ನ ಗಾಳಿ ಸ್ವಲ್ಪ ಇಳಿಸಿ, ವೇಗವನ್ನೂ ಇಳಿಸಿ. ಹಲವು ಟ್ರೇಲರ್ ಎಳೆಯುವ, ಐವತ್ತು ಮೀಟರ್ ಮೀರಿದ ರೋಡ್ ಟ್ರೇನ್ ಲಾರಿ ಎದುರು ಬಂದರೆ ಪಕ್ಕಕ್ಕೆ ನಿಲ್ಲಿಸಿ, ಧೂಳು ಇಳಿದ ಮೇಲೆ ಹೊರಡಿ.

ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 10 ಲೀಟರ್ ನೀರಿನ ಲೆಕ್ಕ ಹಿಡಿಯಿರಿ. ಖಾಲಿ ಬಿಟ್ಟ ಆ ಎರಡು ಮೂರು ದಿನಗಳಿಗೂ ನೀರು, ಅಕ್ಕಿ, ಬೇಳೆ ಇರಲಿ. ಇಂಧನ ಇನ್ನಮಿಂಕಾದಲ್ಲಿ ಸಿಗುತ್ತದೆ, ದುಬಾರಿ. ಮರಳಿನಲ್ಲಿ ಗಾಡಿ ಜಾಸ್ತಿ ಕುಡಿಯುತ್ತದೆ ಎನ್ನುವುದು ನೆನಪಿರಲಿ.

ಯಾರಿಗೆ ಹೇಳಿ ಹೊರಡುತ್ತೀರಿ?

ದಾರಿಯ ಬಹುಭಾಗ ಮೊಬೈಲ್ ಸಿಗ್ನಲ್ ಇಲ್ಲ. ಸ್ಯಾಟಲೈಟ್ ಫೋನ್ ಬಾಡಿಗೆಗೆ ಸಿಗುತ್ತದೆ, ಅಪಾಯ ಸೂಚಿಸುವ ಬೀಕನ್ ಕೂಡ. ಎರಡರಲ್ಲಿ ಒಂದಾದರೂ ಬೇಕು. ಅದಕ್ಕಿಂತ ಮೊದಲು, ನಿಮ್ಮ ದಾರಿ, ತಲುಪುವ ದಿನ, ಯಾವ ಹೊತ್ತಿನೊಳಗೆ ಫೋನ್ ಬರದಿದ್ದರೆ ಪೊಲೀಸರಿಗೆ ತಿಳಿಸಬೇಕು ಎಂಬುದನ್ನು ಬರೆದು ಒಬ್ಬರ ಕೈಗೆ ಕೊಡಿ. ದಾರಿ ಬದಲಿಸಿದರೆ ಅದನ್ನೂ ತಿಳಿಸಿ.

ಇದು ಅತಿಯಾಯ್ತು ಅಲ್ವಾ ಅನ್ನಿಸಿದರೆ ಬರ್ಕ್ ಮತ್ತು ವಿಲ್ಸ್ ಕಥೆ ಕೇಳಿ. ಆಸ್ಟ್ರೇಲಿಯಾವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಿ ಬಂದ ಇವರು, ಜೊತೆಗಾರ ಕಿಂಗ್‌ನೊಂದಿಗೆ 1861ರ ಏಪ್ರಿಲ್ 21ರ ಸಂಜೆ ಕೂಪರ್ ದಡದ ಶಿಬಿರ ತಲುಪಿದರು. ಅಲ್ಲಿ ಇವರಿಗಾಗಿ ನಾಲ್ಕು ತಿಂಗಳಿಂದ ಕಾಯುತ್ತಿದ್ದ, ಇವರದೇ ಯಾತ್ರೆಯ ಬ್ರಾಹೆ ತಂಡ ಅದೇ ಬೆಳಿಗ್ಗೆ ಹೊರಟು ಹೋಗಿತ್ತು. ಮರದ ಮೇಲೆ ಕೆತ್ತಿದ ಸೂಚನೆ ನೋಡಿ ಅಗೆದು ಆಹಾರ ತೆಗೆದರು, ತಮ್ಮ ಕಾಗದವನ್ನು ಹೂತರು, ಗುಂಡಿ ಮೊದಲಿನ ಹಾಗೇ ಮುಚ್ಚಿದರು. ಮರದ ಮೇಲೆ ಹೊಸ ಗುರುತು ಏನನ್ನೂ ಹಾಕಲಿಲ್ಲ. ಮೇ 8ರಂದು ಬ್ರಾಹೆ ಇನ್ನೊಬ್ಬರ ಜೊತೆ ಅಲ್ಲಿಗೆ ಮರಳಿ ಬಂದ. ಯಾರೂ ಬಂದಂತೆ ಕಾಣಲಿಲ್ಲ, ಅಗೆಯಲಿಲ್ಲ, ಹೊರಟುಹೋದ. ಬರ್ಕ್, ವಿಲ್ಸ್ ಇಬ್ಬರೂ ಈ ಕ್ರೀಕ್ ಬಳಿಯೇ ಸತ್ತರು. ಅಲ್ಲಿನ ಯಂಡ್ರುವಂಧ ಜನ ಕಿಂಗ್‌ಗೆ ಅನ್ನ ನೀರು ಕೊಟ್ಟು ಸಾಕಿದರು. ಸೆಪ್ಟೆಂಬರ್‌ನಲ್ಲಿ ಹುಡುಕಾಟದ ತಂಡಕ್ಕೆ ಅವನು ಜೀವಂತ ಸಿಕ್ಕ.

ತಲುಪಿದ ಮೇಲೆ

ಊರಿನಿಂದ ಪೂರ್ವಕ್ಕಿರುವ ಕಲ್ಯಮುರಾ ಮಡುವಿನ ಬಳಿ ಟೆಂಟ್ ಹಾಕಿ. ಸುಮಾರು 28 ಮೀಟರ್ ಆಳದ ಈ ಮಡು ಬರಗಾಲದಲ್ಲೂ ಬತ್ತುವುದಿಲ್ಲ. ದಡದ ಕೂಲಿಬಾ ಮರಗಳ ಕೊಂಬೆ ಕಡಿಯಬೇಡಿ, ಒಣ ಕಟ್ಟಿಗೆಯನ್ನೂ ಆರಿಸಬೇಡಿ, ಗ್ಯಾಸ್ ಒಲೆ ಒಯ್ಯಿರಿ. ಪಾತ್ರೆ ತೊಳೆದ ಸೋಪಿನ ನೀರು ಮಡುವಿಗೆ ಹೋಗಬಾರದು. ಇಲ್ಲಿನ ಬಂಡೆಗಳ ಮೇಲೆ ಮೂಲನಿವಾಸಿಗಳ ಕೆತ್ತನೆಗಳಿವೆ, ಮುಟ್ಟದೆ ನೋಡಿ.

ಸಮಯವಿದ್ದರೆ ವಾಯವ್ಯಕ್ಕೆ ನೂರು ಕಿ.ಮೀ. ದೂರದ ಕೂಂಗಿ ಸರೋವರಗಳಿಗೆ ಹೋಗಿ. ಪಕ್ಷಿ ನೋಡುವವರಿಗೆ ನಾನು ಮೊದಲು ಹೇಳುವ ಜಾಗ ಅದೇ. ಇದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿದೆ. ಅಲ್ಲಿ ಬೆಂಕಿ ಹಾಕುವಂತಿಲ್ಲ, ಮೀನು ಹಿಡಿಯುವಂತಿಲ್ಲ.

ಬ್ರಾಹೆ ಸೂಚನೆ ಕೆತ್ತಿದ್ದ ಡಿಗ್ ಟ್ರೀ ಇಂದಿಗೂ ಇದೆ. ಆದರೆ ಅದು ಗಡಿಯಾಚೆ, ಕ್ವೀನ್ಸ್‌ಲ್ಯಾಂಡ್‌ನ ನಪ್ಪಾ ಮೆರ್ರಿ ಎಂಬ ದನದ ಎಸ್ಟೇಟಿನೊಳಗೆ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ಅರ್ಧ ಗಂಟೆ ಮುಂದಿರುತ್ತದೆ. ಫೋನ್ ಯಾವ ಸಮಯ ತೋರಿಸುತ್ತದೋ ನಂಬಬೇಡಿ, ಸೂರ್ಯ ಮುಳುಗುವ ಹೊತ್ತು ನೋಡಿಕೊಂಡು ವಾಪಸ್ ಹೊರಡಿ. ಮುಸ್ಸಂಜೆಗೆ ಕಾಂಗರೂಗಳು ರಸ್ತೆಗೆ ಬರುತ್ತವೆ.